ಬೆಂಡೆಗಿಡಕ್ಕೆ ಹೇನಾಯ್ತು?

ತಮ್ಮ ತಾರಸಿಯ ಮೇಲೆ ಒಂದೇ ಒಂದು ತೊಟ್ಟು ವಿಷವೂ ಬೀಳಕೂಡದು ಎಂದು ಚಕ್ರಪಾಣಿ ಮೇಷ್ಟ್ರು ಘೋರ ಪ್ರತಿಜ್ಞೆ ಮಾಡಿದರು! ಅದುವರೆಗೆ ಬಸವೇಶ್ವರನಗರದ ಆ ತಾರಸಿಯ ಮೇಲೆ ಬಿದ್ದಿದ್ದದ್ದು ಹಪ್ಪಳ, ಸಂಡಿಗೆ ಮತ್ತು ಹಿಂದಿನ ಬೀದಿಯ ಹುಡುಗರ ಕ್ರಿಕೆಟ್ ಚೆಂಡು ಮಾತ್ರ. ವಿಷದ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಅಲ್ಲಿ ಗಿಡವೇ ಇರಲಿಲ್ಲ. ಆದರೂ ಪ್ರತಿಜ್ಞೆ ಪ್ರತಿಜ್ಞೆಯೇ.

ಕಾರಣವೂ ಸಣ್ಣದಲ್ಲ. ಕೆಂಗೇರಿ ಉಪನಗರದಲ್ಲಿದ್ದ ಮಗಳು ಶುಭಾ, ಮದುವೆಯಾಗಿ ಆರು ವರ್ಷದ ಮೇಲೆ ಬಸುರಿಯಾಗಿದ್ದಳು. ಸುದ್ದಿ ಕೇಳಿದ ದಿನವೇ ಮೇಷ್ಟ್ರು ಊಟದ ತಟ್ಟೆಯ ಮುಂದೆ ಕೂತು ಹುರುಳಿಕಾಯಿ ಪಲ್ಯವನ್ನು ಶತ್ರುವಿನಂತೆ ದಿಟ್ಟಿಸಿದರು.

"ಕೋಕಿಲಾ, ಮಾರ್ಕೆಟ್ ತರಕಾರಿ ಅಂದ್ರೇನು ಗೊತ್ತಾ? ಬರೀ ವಿಷ! ನನ್ನ ಮೊಮ್ಮಗು ಹೊಟ್ಟೇಲಿದ್ದಾಗ್ಲೇ ಶುದ್ಧವಾದ್ದನ್ನ ತಿನ್ಬೇಕು. ನಾನೇ ಬೆಳೀತೀನಿ!"

"ಮೊದಲು ಒಂದು ಕಟ್ಟು ಕೊತ್ತಂಬರಿ ಬೆಳೆದು ತೋರಿಸಿ, ಆಮೇಲೆ ಭಾಷಣ ಮಾಡಿ" ಎಂದು ಹೆಂಡತಿ ಕೋಕಿಲಾ ಮೇಷ್ಟ್ರ ತಟ್ಟೆಗೆ ಇನ್ನಷ್ಟು ವಿಷ ಬಡಿಸಿದರು. ಮೇಷ್ಟ್ರು ಅದನ್ನು ಚಪ್ಪರಿಸಿಕೊಂಡು ತಿಂದರು.

ಮೂವತ್ತೈದು ವರ್ಷ ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಲೆಕ್ಕ ಹೇಳಿಕೊಟ್ಟವರು ಚಕ್ರಪಾಣಿ. ಯಾವುದನ್ನೂ ಅರ್ಧಕ್ಕೆ ಬಿಡುವ ಜಾತಿಯಲ್ಲ. ವಾರದೊಳಗೆ ತಾರಸಿಗೆ ಇಪ್ಪತ್ತನಾಲ್ಕು ಚೀಲ ಕೆಂಪು ಮಣ್ಣು, ಗೊಬ್ಬರ, ಬೆಂಡೆ ಬೀಜ ಎಲ್ಲ ಏರಿದವು. ಮೆಟ್ಟಿಲ ಬಾಗಿಲಿಗೆ ಒಂದು ಬೋರ್ಡೂ ಏರಿತು: 'ಇದು ವಿಷಮುಕ್ತ ವಲಯ. ಪಾದರಕ್ಷೆಗಳನ್ನು ಹೊರಗೆ ಬಿಡಿ.' ಬೀಜ ಮೊಳೆಯುವ ಮೊದಲೇ ಸುದ್ದಿ ಮೊಳೆತು, ಹಾಲಿನ ಬೂತು, ಕ್ಷೌರದಂಗಡಿ, ಪಾರ್ಕಿನ ಕಲ್ಲುಬೆಂಚು, ಎಲ್ಲ ಕಡೆ ಹಬ್ಬಿತು. ಬೀದಿಯವರು ಎದುರಿಗೆ ಸಿಕ್ಕಾಗ "ಬಿಸಿಲು ಜಾಸ್ತಿ ಅಲ್ವಾ ಸಾರ್?" ಎಂದರೆ ಸಾಕು, "ಬೆಂಡೆಗೆ ಒಳ್ಳೇದು" ಎಂದು ಮೇಷ್ಟ್ರು ಶುರು ಮಾಡಿಬಿಡುತ್ತಿದ್ದರು.

ಚೀಲಕ್ಕೊಂದರಂತೆ ನೆಟ್ಟ ಗಿಡ ಮೊಳಕಾಲುದ್ದ ಬಂದಿತ್ತು. ಒಂದು ಬೆಳಿಗ್ಗೆ ಮೇಷ್ಟ್ರು ಎಲೆಯೊಂದನ್ನು ಮಗುಚಿ ನೋಡಿ ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಎಲೆಯಡಿ ಎಳ್ಳು ಚೆಲ್ಲಿದಂತೆ ಸಾಲುಸಾಲು ಹುಳು. ಕೆಳಗಿನಿಂದ ಕೋಕಿಲಾ ಕೂಗಿದರು.

"ಏನ್ರೀ ಅದು, ಬೆಳಗ್ಗಿಂದ ಅಲ್ಲೇ ಕೂತಿದೀರಿ?"

"ಹೇನು ಕಣೇ!"

"ಅದನ್ನೇ ನಾನು ಕೇಳ್ತಿರೋದು, ಏನು?"

"ಅದನ್ನೇ ನಾನು ಹೇಳ್ತಿರೋದು, ಹೇನು!"

"ವಯಸ್ಸಾಗ್ತಾ ಆಗ್ತಾ ಅಕಾರ ಹಕಾರನೂ ಹೋಯ್ತಾ ನಿಮಗೆ?" ಎನ್ನುತ್ತ ಕೋಕಿಲಾ ಮೇಲೆ ಬಂದು ಎಲೆ ನೋಡಿದರು. "ಅಯ್ಯೋ, ನಿಜವಾಗ್ಲೂ ಹೇನು! ಸದ್ಯ, ಗಿಡಕ್ಕೆ ತಾನೆ? ನಿಮ್ಮ ತಲೇಲಿ ಅವಕ್ಕೆ ಹಿಡ್ಕೊಳ್ಳೋಕೆ ಏನೂ ಇಲ್ಲ."

ಮೇಷ್ಟ್ರು ಬೋಳುತಲೆ ಸವರಿಕೊಂಡರು. ಅಷ್ಟರಲ್ಲಿ ಪಕ್ಕದ ಮನೆಯ ಸೌಮ್ಯಶ್ರೀ ತಮ್ಮ ತಾರಸಿಯ ಗೋಡೆಗೆ ಒರಗಿ ಇಣುಕಿದರು. ದಾವಣಗೆರೆ ಕಡೆಯವರು, ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ಮಾಡುವವರು.

"ಗಾಬರಿ ಆಗಬ್ಯಾಡ್ರಿ ಸರ. ಪೈಪಲ್ಲಿ ನೀರು ಜೋರಾಗಿ ಹೊಡೀರಿ, ಅರ್ಧ ಉದುರ್ತಾವ. ಅಲ್ನೋಡ್ರಿ, ಕೆಂಪಗೆ ಕರಿ ಚುಕ್ಕಿ ಇರೋ ಗುಲಗಂಜಿ ಹುಳ ಬಂದಾವ. ಉಳಿದ ಹೇನು ಅವೇ ತಿಂದು ಮುಗಿಸ್ತಾವ. ಎರಡು ವಾರ ತಾಳ್ಕೊಳ್ರಿ."

ಮೇಷ್ಟ್ರು ತಾಳಿಕೊಂಡರು, ಪೂರ್ತಿ ಒಂದೂವರೆ ದಿನ! ಆಮೇಲೆ ಬೇವಿನೆಣ್ಣೆ ಬಂತು, ಸೋಪಿನ ನೀರು ಬಂತು, ಹುಳಿ ಮಜ್ಜಿಗೆ ಬಂತು, ಬೆಳ್ಳುಳ್ಳಿ ಹಸಿಮೆಣಸಿನಕಾಯಿ ಅರೆದ ಕಷಾಯವೂ ಬಂತು. ಎಲ್ಲವೂ ಒಂದೇ ವಾರದಲ್ಲಿ. "ಇದು ಹೇನಿಗೆ ಮದ್ದೋ, ಮಜ್ಜಿಗೆಹುಳೀಗೆ ಮಸಾಲೇನೋ?" ಎಂದು ಕೋಕಿಲಾ ಮಿಕ್ಸಿ ಜಾರು ಕಸಿದುಕೊಂಡರು. ಎಣ್ಣೆ ಹಚ್ಚಿಸಿಕೊಂಡು, ಸೋಪಿನಲ್ಲಿ ಮಿಂದು, ಮಜ್ಜಿಗೆ ಕುಡಿದ ಹೇನುಗಳು ಹಬ್ಬದ ದಿನದ ನೆಂಟರಂತೆ ಆರಾಮವಾಗಿದ್ದವು.

ಮರುದಿನ ಮೇಷ್ಟ್ರು ಯಾರಿಗೂ ಹೇಳದೆ ಕೆಂಗೇರಿ ದಾಟಿ ಮೈಸೂರು ರಸ್ತೆಯ ಒಂದು ಗೊಬ್ಬರದಂಗಡಿಗೆ ಹೋದರು. ಬೀದಿಯಲ್ಲಿ ಪರಿಚಯದವರು ಸಿಕ್ಕಿಬಿಟ್ಟರೆ ಎಂಬ ಭಯಕ್ಕೆ ಅಷ್ಟು ದೂರ.

"ಬೆಂಡೆಗೆ ಹೇನು ಬಿದ್ದಿದೆ. ಒಳ್ಳೇ ಔಷಧಿ ಕೊಡಿ."

"ಎಷ್ಟಿದೆ ಸಾರ್ ಜಮೀನು?"

ಮೇಷ್ಟ್ರ ತಾರಸಿ ಹನ್ನೆರಡು ಚದರ, ಅಂದರೆ ಸಾವಿರದ ಇನ್ನೂರು ಚದರಡಿ. ಆದರೆ ಪಕ್ಕದಲ್ಲಿ ಮಣ್ಣಿನ ಕಾಲಿನ ಇಬ್ಬರು ರೈತರು ನಿಂತಿದ್ದರು. ಅವರೆದುರು 'ಚದರ' ಎನ್ನಲು ನಾಲಗೆ ಏಳಲಿಲ್ಲ. "ಹನ್ನೆರಡು" ಎಂದಷ್ಟೇ ಗಂಭೀರವಾಗಿ ನುಡಿದರು.

"ಹನ್ನೆರಡೆಕರೆ ಬೆಂಡೆ! ದೊಡ್ಡ ಕುಳ ಬಿಡಿ ಸಾರ್ ನೀವು!" ಅಂಗಡಿಯವನು ಎದ್ದು ನಿಂತು ಸ್ಟೂಲು ಕೊಟ್ಟ, ಟೀ ತರಿಸಿದ, ಒಂದು ಲೀಟರಿನ ಕ್ಯಾನನ್ನು ಎರಡೂ ಕೈಯಲ್ಲಿ ಒಪ್ಪಿಸಿದ. ರೈತರು ಮರ್ಯಾದೆಯಿಂದ ದಾರಿ ಬಿಟ್ಟರು. ಮೇಷ್ಟ್ರು ಟೀ ಕುಡಿದು, ಈ ವರ್ಷ ಮಳೆ ಸಾಲದು ಎಂದು ಅಭಿಪ್ರಾಯವನ್ನೂ ಕೊಟ್ಟು ಬಂದರು.

ಹಾಗಾದರೆ ಪ್ರತಿಜ್ಞೆ? ಮೆಟ್ರೋದಲ್ಲಿ ಕೂತು ಮೇಷ್ಟ್ರು ಅದನ್ನೂ ಬಿಡಿಸಿದರು. ಪ್ರತಿಜ್ಞೆ ಮಾಡಿದ್ದು ವಿಷದ ಬಗ್ಗೆ. ಅಂಗಡಿಯವನು ಕೊಟ್ಟದ್ದು ಔಷಧಿ. ರೈತರೂ ಅದನ್ನು ಔಷಧಿ ಎಂದೇ ಕರೆದರು. ತಾವು ದಿನಾ ಬೆಳಿಗ್ಗೆ ಬಿ.ಪಿ.ಗೆ ನುಂಗುವುದೂ ಔಷಧಿಯೇ. ಕಾಯಿಲೆ ಬಿದ್ದ ಗಿಡಕ್ಕೆ ಔಷಧಿ ಕೊಡುವುದು ತಪ್ಪೇ? ಬೇರೆಯವರು ಹೊಡೆದರೆ ವಿಷ, ತಾವು ಹೊಡೆದರೆ ಔಷಧಿ! ಹೇಗೂ ಗಿಡ ಇನ್ನೂ ಕಾಯಿ ಬಿಟ್ಟಿಲ್ಲ. ಲೆಕ್ಕ ಸರಿಹೋಯಿತು.

ಕೋಕಿಲಾ ವಿಷ್ಣುಸಹಸ್ರನಾಮಕ್ಕೆ ಹೋದ ಸಂಜೆ ಮೇಷ್ಟ್ರು ರೇನ್‌ಕೋಟು ತೊಟ್ಟು, ಹೆಲ್ಮೆಟ್ಟು ಏರಿಸಿ, ಕೈಗಳಿಗೆ ಹಾಲಿನ ಕವರು ಕಟ್ಟಿಕೊಂಡು ರಣರಂಗಕ್ಕೆ ಇಳಿದರು. ಮರುದಿನ ನೋಡಿದರೆ ಹೇನಿನ ವಂಶವೇ ನಿರ್ನಾಮ! ಗುಲಗಂಜಿ ಹುಳುಗಳೂ ಅಂಗಾತ ಬಿದ್ದಿದ್ದವು, ಎರಡು ಜೇಡಗಳೂ. ಮೇಷ್ಟ್ರಿಗೆ ಕ್ಷಣಕಾಲ ಕೆಡುಕೆನಿಸಿತು. ಗುಡಿಸಿ ಕಸದ ಬುಟ್ಟಿಗೆ ಹಾಕಿದ ಮೇಲೆ ಅದೂ ಕಡಿಮೆಯಾಯಿತು.

ಹದಿನೈದು ದಿನಕ್ಕೆ ಹೇನು ಮತ್ತೆ ಬಂತು. ಮತ್ತೆ ಹೊಡೆದರು. ಈ ಸಲ ಅರ್ಧ ಮಾತ್ರ ಸತ್ತವು. ಮೇಷ್ಟ್ರು ತ್ರೈರಾಶಿ ಹಾಕಿದರು: ಒಂದು ಮುಚ್ಚಳಕ್ಕೆ ಅರ್ಧ ಸತ್ತರೆ ಎರಡು ಮುಚ್ಚಳಕ್ಕೆ ಎಷ್ಟು? ಪೂರ್ತಿ! ಎರಡು ಮುಚ್ಚಳ ಹೊಡೆದರು. ಕಾಲು ಭಾಗವೂ ಸಾಯಲಿಲ್ಲ. ಮೂವತ್ತೈದು ವರ್ಷದಲ್ಲಿ ತ್ರೈರಾಶಿ ಅವರಿಗೆ ಕೈಕೊಟ್ಟದ್ದು ಅದೇ ಮೊದಲು!

ಆ ವಾರ ಸೌಮ್ಯಶ್ರೀ ಮತ್ತೆ ಇಣುಕಿದರು.

"ಸರ, ನಿಮ್ಮಲ್ಲಿ ಗುಲಗಂಜಿ ಹುಳ ಅದಾವೇನ್ರಿ? ನಮ್ಮ ತಾರಸೀಲಿ ಒಂದೂ ಕಾಣ್ತಿಲ್ಲ. ಜೇನುನೊಣನೂ ಕಡಿಮೆ. ನೀವೇನಾರ ಔಷಧಿ ಹೊಡೆದ್ರೇನು?"

"ನಾನಾ? ಛೇ ಛೇ! ಬೋರ್ಡ್ ನೋಡಿಲ್ವೇನಮ್ಮ? ಆ ಹಿಂದಿನ ಬೀದಿಯವರು ಯಾರೋ ಹೊಡೀತಾರಂತೆ."

"ಅವರಿಗೊಂದು ಮಾತು ಹೇಳ್ರಿ ಸರ. ಗಾಳೀಲಿ ಅದು ಎಲ್ಲರ ಮನೀಗೂ ಬರ್ತದ. ಮತ್ತೆ, ಒಂದೇ ಔಷಧಿ ಹೊಡೀತಾನೇ ಇದ್ರೆ ಸಾಯೋ ಹೇನು ಸಾಯ್ತಾವ, ತಡಕೊಳ್ಳೋ ಗಟ್ಟಿ ಹೇನು ಉಳೀತಾವ. ಸಂಸಾರ ಮಾಡೋವು ಉಳಿದವೇ ಅಲ್ರೀ? ಅವುಗಳ ಮರೀನೂ ಗಟ್ಟಿ. ಪಾಪ, ಅವರು ಬೆಂಡೆಕಾಯಿ ಬೆಳೀತೀವಿ ಅಂದ್ಕೊಂಡಾರ, ಔಷಧಿಗೆ ಜಗ್ಗದ ಹೇನು ಬೆಳೀತಿದಾರ!"

ಮೇಷ್ಟ್ರಿಗೆ ಥಟ್ಟನೆ ಅರ್ಥವಾಯಿತು. ಫೇಲಾಗುವ ಹುಡುಗರಿಗೆಲ್ಲ ಟಿ.ಸಿ. ಕೊಟ್ಟು ಕಳಿಸಿ, ನೂರಕ್ಕೆ ನೂರು ರಿಸಲ್ಟ್ ಎಂದು ಬ್ಯಾನರು ಕಟ್ಟುವ ಸ್ಕೂಲು ಅವರಿಗೆ ಗೊತ್ತಿತ್ತು. ಅವರ ತಾರಸಿಯ ಹೇನುಗಳದ್ದೂ ಈಗ ನೂರಕ್ಕೆ ನೂರು. "ಹೇಳ್ತೀನಮ್ಮ, ಆ ಹಿಂದಿನ ಬೀದಿಯವರಿಗೆ ಖಂಡಿತ ಬುದ್ಧಿ ಹೇಳ್ತೀನಿ" ಎಂದರು. ಹೇಳಿದ್ದರೆ ಒಳ್ಳೆಯದಿತ್ತು. ಗುರುವಾರ ಬೆಳಿಗ್ಗೆ, ಗಿಡದ ತುಂಬ ಬೆರಳುದ್ದದ ಎಳೆಗಾಯಿ ನಿಂತಿರುವಾಗ, ಇದೊಂದೇ ಕೊನೆಯ ಸಲ ಎಂದು ನಾಲ್ಕು ಮುಚ್ಚಳ ಬೆರೆಸಿ ಸುರಿದೇಬಿಟ್ಟರು.

ಮಧ್ಯಾಹ್ನ ಶುಭಾ ಫೋನು ಮಾಡಿದಳು.

"ಅಪ್ಪ, ಶನಿವಾರ ಬರ್ತೀನಿ. ನಂಗೆ ಬೆಂಡೇಕಾಯಿ ಗೊಜ್ಜು ತಿನ್ಬೇಕು ಅಂತ ಒಂದೇ ಸಮ ಬಯಕೆ. ನಮ್ಮತ್ತೆ ಇಲ್ಲೇ ಮಾಡ್ಕೊಡ್ತೀನಿ ಅಂದ್ರು. ಬೇಡ, ನಮ್ಮಪ್ಪ ಬೆಳೆದಿದ್ದೇ ಆಗ್ಬೇಕು ಅಂದೆ. ಡಾಕ್ಟರಿಗೂ ಹೇಳಿದೀನಿ, ನಮ್ಮಪ್ಪ ಒಂದು ತೊಟ್ಟೂ ಔಷಧಿ ಹೊಡೆಯಲ್ಲ ಅಂತ! ನಾನೇ ಕೈಯಾರೆ ಕೀಳ್ತೀನಿ. ವಿಡಿಯೋ ಮಾಡಿ ಅತ್ತೆಗೆ ತೋರಿಸ್ಬೇಕು."

"ಮುಂದಿನ ವಾರ ಬಾರಮ್ಮ..."

"ಮುಂದಿನ ವಾರ ಸ್ಕ್ಯಾನಿಂಗ್ ಇದೆ. ಶನಿವಾರಾನೇ!"

ಮೇಷ್ಟ್ರು ಸೋಲಾರ್ ಟ್ಯಾಂಕಿನ ಹಿಂದೆ ಬಚ್ಚಿಟ್ಟ ಕ್ಯಾನನ್ನು ಎಳೆದು, ಭೂತಗನ್ನಡಿ ಹಿಡಿದು, ಮೊದಲ ಬಾರಿಗೆ ಚೀಟಿಯನ್ನು ಓದಿದರು. ಇರುವೆಯಂಥ ಅಕ್ಷರದಲ್ಲಿ ಬರೆದಿತ್ತು: ಸಿಂಪಡಿಸಿದ ಮೇಲೆ ಹತ್ತು ದಿನ ಕಾಯಿ ಕೀಳಬಾರದು. ಅದೂ ಒಂದು ಮುಚ್ಚಳಕ್ಕೆ ಹತ್ತು ದಿನ! ನಾಲ್ಕು ಮುಚ್ಚಳಕ್ಕೆ ಎಷ್ಟು ಎಂದು ಲೆಕ್ಕ ಹಾಕುವ ಧೈರ್ಯ ಬರಲಿಲ್ಲ. ಅವರಿಗೆ ನಿಜವಾಗಿ ಭಯವಾಯಿತು. ಆರು ವರ್ಷ ಕಾದು ಬಂದ ಮಗು. 'ಔಷಧಿ ಹೊಡೆದಿದ್ದೇನೆ, ತಿನ್ನಬೇಡ' ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಆ ಮಾತು ಹೊರಗೆ ಬರಬೇಕಾದರೆ ಹಾಲಿನ ಬೂತು, ಕ್ಷೌರದಂಗಡಿ, ಬೀಗಿತ್ತಿ, ಡಾಕ್ಟರು ಎಲ್ಲರನ್ನೂ ದಾಟಿ ಬರಬೇಕಿತ್ತು. ಬರಲಿಲ್ಲ.

ಬದಲಿಗೆ ಒಂದು ಮಹಾ ಉಪಾಯ ಬಂತು! ಪ್ರಥಮೇಕಾದಶಿ ಆಗಷ್ಟೇ ಕಳೆದಿತ್ತು. ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ, ಅಂದರೆ ತರಕಾರಿಯನ್ನೇ ತಿನ್ನುವಂತಿಲ್ಲ. ಮನೆಯಲ್ಲಿ ತರಕಾರಿಯೇ ಬೇಯದಿದ್ದರೆ ಬೆಂಡೆಕಾಯಿ ಗೊಜ್ಜೆಲ್ಲಿ?

"ಕೋಕಿಲಾ, ಈ ವರ್ಷ ಶಾಕವ್ರತ ಹಿಡೀತೀನಿ. ಈ ಮನೇಲಿ ಒಂದು ತಿಂಗಳು ತರಕಾರಿ ಕೂಡದು!"

ಕೋಕಿಲಾ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಏಕಾದಶಿಯ ದಿನ ಮಠದಲ್ಲಿ ತೋಳಿಗೆ ಕಾದ ಮುದ್ರೆ ಹಾಕಿಸಿಕೊಂಡು ಬಂದು, ಉಪವಾಸದ ಹೆಸರಲ್ಲಿ ಮೂರು ತಟ್ಟೆ ಅವಲಕ್ಕಿ ಮುಗಿಸಿದ್ದ ಗಂಡ ಇವರೇನಾ! ಕಣ್ಣಲ್ಲಿ ನೀರೇ ಬಂತು. ತಕ್ಷಣ ಮಹಾಲಕ್ಷ್ಮಿ ಲೇಔಟಿನ ಭಾವನವರಿಗೆ ಫೋನು ಹೋಯಿತು. "ಭಾವ, ನಿಮ್ಮ ತಮ್ಮನಿಗೆ ಒಳ್ಳೇ ಬುದ್ಧಿ ಬಂತು!" ಭಾವನವರು ಅಲ್ಲಿಂದಲೇ ಆಶೀರ್ವಾದ ಮಾಡಿ, ಇನ್ನು ಭಾನುವಾರಕ್ಕೊಮ್ಮೆ ಬಂದು ವಿಚಾರಿಸಿಕೊಳ್ಳುವುದಾಗಿ ಮಾತು ಕೊಟ್ಟರು.

"ಹಾಗಾದ್ರೆ ಶನಿವಾರ ಬರೀ ಹೆಸರುಬೇಳೆ ತೊವ್ವೆ ಅನ್ನ ಮಾಡ್ಬಿಡು" ಎಂದರು ಮೇಷ್ಟ್ರು, ಗೆದ್ದವರಂತೆ.

"ನಿಮಗೆ ತೊವ್ವೆ. ಬಸುರಿ ಹೆಂಗಸಿಗೆ ಯಾವ ವ್ರತಾರೀ? ಅವಳಿಗೆ ಬೆಂಡೇಕಾಯಿ ಗೊಜ್ಜು!"

ವಿಷದ ದಾರಿ ಮುಚ್ಚಲಿಲ್ಲ, ಮೇಷ್ಟ್ರ ನಾಲಗೆಗೆ ಮಾತ್ರ ಒಂದು ತಿಂಗಳು ಬೀಗ ಬಿತ್ತು.

ಉಳಿದದ್ದು ಒಂದೇ ಮಾರ್ಗ. ಶುಕ್ರವಾರ ಸಂಜೆ ಮೇಷ್ಟ್ರು ವಿಜಯನಗರ ಮಾರ್ಕೆಟ್ಟಿಗೆ ಹೋಗಿ, ಪರಿಚಯದವರಿಗೆ ಬೆನ್ನು ತಿರುಗಿಸಿ, ಒಂದು ಕೆಜಿ ಎಳೆ ಬೆಂಡೆಕಾಯಿ ತಂದರು. ಶನಿವಾರ ಕಾಗೆ ಕೂಗುವ ಮೊದಲೇ ತಾರಸಿ ಹತ್ತಿ, ಗಿಡದಲ್ಲಿದ್ದ ಕಾಯಿಗಳನ್ನೆಲ್ಲ ಬೀದಿ ಹಸುಗಳ ಬಾಯಿಗೂ ಸಿಗದಂತೆ ಚೀಲಕ್ಕೆ ತುಂಬಿ ಬಿಗಿದರು. ಆಮೇಲೆ ಹೂ ಕಟ್ಟುವ ದಾರದಿಂದ ಒಂದೊಂದು ಗಿಡಕ್ಕೂ ಎರಡೆರಡು ಮಾರ್ಕೆಟ್ ಬೆಂಡೆಕಾಯಿ ಕಟ್ಟಿದರು. ಇಪ್ಪತ್ತನಾಲ್ಕು ಗಿಡ, ನಲವತ್ತೆಂಟು ಕಾಯಿ, ತೊಂಬತ್ತಾರು ಗಂಟು! ಬೆನ್ನು ನೆಟ್ಟಗಾಗುವಷ್ಟರಲ್ಲಿ ಬಿಸಿಲು ಬಂದಿತ್ತು.

ಹತ್ತು ಗಂಟೆಗೆ ಶುಭಾ ಉಬ್ಬಿದ ಹೊಟ್ಟೆಯ ಮೇಲೊಂದು ಕೈ, ಫೋನಿನ ಮೇಲೊಂದು ಕೈ ಇಟ್ಟುಕೊಂಡು ಮೆಟ್ಟಿಲು ಹತ್ತಿದಳು. ಹಿಂದೆ ಬುಟ್ಟಿ ಹಿಡಿದ ಕೋಕಿಲಾ. ಗೋಡೆಯಾಚೆ, ಬೇರೆ ದಿನವೇ ಸಿಗಲಿಲ್ಲವೆಂಬಂತೆ, ಸೌಮ್ಯಶ್ರೀ.

"ಎಷ್ಟು ಬಿಟ್ಟಿದೆ ಅಪ್ಪ!" ಎಂದು ಶುಭಾ ವಿಡಿಯೋ ಶುರು ಮಾಡಿದಳು.

"ಸರ, ಇದ್ಯಾವ ತಳಿರೀ?" ಸೌಮ್ಯಶ್ರೀ ಕನ್ನಡಕ ಸರಿಮಾಡಿಕೊಂಡರು. "ಬೆಂಡೆಕಾಯಿ ಗಿಡದಾಗ ಆಕಾಶ ನೋಡ್ಕೊಂಡು ನಿಲ್ತಾವ. ನಿಮ್ಮವು ನೆಲ ನೋಡ್ಕೊಂಡು ನೇತಾಡಾಕತ್ತಾವಲ್ಲ?"

ಎರಡು ತಿಂಗಳಿಂದ ದಿನಾ ಗಿಡ ನೋಡಿದ್ದ ಮೇಷ್ಟ್ರಿಗೆ ಇದೊಂದು ಹೊಳೆದೇ ಇರಲಿಲ್ಲ! "ಅದು... ಹೊಸ ತಳಿ ಕಣಮ್ಮ. ವಿನಯ ಜಾಸ್ತಿ. ತಲೆ ತಗ್ಗಿಸುತ್ತೆ."

"ಅಪ್ಪ, ಇದಕ್ಕೆ ದಾರ ಇದೆ!"

"ಗಾಳಿಗೆ ಬೀಳದೇ ಇರ್ಲಿ ಅಂತ..."

"ರೀ, ಇದು ನಮ್ಮ ದೇವರಮನೆ ಹೂವಿನ ದಾರ" ಎಂದರು ಕೋಕಿಲಾ.

ಶುಭಾ ಅಷ್ಟರಲ್ಲಿ ದಾರ ಜಗ್ಗಿ ಒಂದು ಕಾಯಿ ಬಿಡಿಸಿಕೊಂಡಿದ್ದಳು. ತುದಿ ಮುರಿದು ನೋಡಿದಳು, ಟಪ್ಪೆಂದು ಮುರಿಯಿತು. "ಎಷ್ಟು ಎಳೇದು! ಹಸೀದೇ ತಿಂದ್ಬಿಡ್ತೀನಿ" ಎಂದು ಬಾಯಿಗೆ ಒಯ್ದಳು.

ಮೊನ್ನೆಯ ನಾಲ್ಕು ಮುಚ್ಚಳವೂ ಆ ಎಲೆಗಳ ಮೇಲೇ ಇದೆ, ಆ ಎಲೆಗಳಿಗೆ ಈ ಕಾಯಿ ಬೆಳಗಿನಿಂದ ಉಜ್ಜುತ್ತಾ ಇದೆ ಎಂಬುದು ಮೇಷ್ಟ್ರ ತಲೆಗೆ ಆ ಗಳಿಗೆಯಲ್ಲಿ ಬಂತು.

"ತಿನ್ನಬೇಡ! ವಿಷ!"

ಎರಡು ಚೀಲ ಹಾರಿ, ಮೂರನೆಯದನ್ನು ಎಡವಿ, ಮಗಳ ಕೈಗೆ ಹೊಡೆದು ಕಾಯಿಯನ್ನು ಬೀಳಿಸಿದರು. ಮೊಣಕೈ ತರಚಿತ್ತು. ಮಣ್ಣಿನ ಮೇಲೇ ಕೂತು, ಉಸಿರು ಬಂದಷ್ಟು ಬಂದಷ್ಟು, ಎಲ್ಲವನ್ನೂ ಹೇಳಿಬಿಟ್ಟರು. ಗೊಬ್ಬರದಂಗಡಿ, ಹನ್ನೆರಡು ಎಕರೆ, ತ್ರೈರಾಶಿ, ವ್ರತ, ಮಾರ್ಕೆಟ್ಟು, ತೊಂಬತ್ತಾರು ಗಂಟು. ಒಂದು ಸಲವೂ ಔಷಧಿ ಎನ್ನಲಿಲ್ಲ.

"ಹಂಗಾರ ಆ ಹಿಂದಿನ ಬೀದಿಯವರು..." ಎಂದರು ಸೌಮ್ಯಶ್ರೀ.

"ನಾನೇ ಕಣಮ್ಮ. ನಿಮ್ಮ ತಾರಸಿಗೂ ಬಿದ್ದಿರುತ್ತೆ. ಸೊಪ್ಪುಗಿಪ್ಪು ಕೀಳಬೇಡಿ. ತಪ್ಪಾಯ್ತು."

ಶುಭಾ ವಿಡಿಯೋ ನಿಲ್ಲಿಸಿದ್ದಳು. ಅವಳಿಗೆ ಕೋಪ ಬಂದಿರಲಿಲ್ಲ, ದುಃಖವಾಗಿತ್ತು. ಅದನ್ನು ನೋಡುವುದು ಮೇಷ್ಟ್ರಿಗೆ ಇನ್ನೂ ಕಷ್ಟವಾಯಿತು.

"ಹೊಡೆದಿದೀನಿ ಅಂದಿದ್ರೆ ಇನ್ನೊಂದಿಷ್ಟು ದಿನ ಕಾಯ್ತಿದ್ದೆ ಅಷ್ಟೇ ಅಲ್ವಾ ಅಪ್ಪ? ಹೇನು ಇಡೀ ಗಿಡ ತಿಂದಿದ್ರೂ ನಂಗೇನೂ ಬೇಜಾರಿರ್ಲಿಲ್ಲ. ನಿನ್ನ ಮಾತು ನಂಬ್ಕೊಂಡು ಡಾಕ್ಟರ ಹತ್ರ ಎಲ್ಲ ಜಂಬ ಕೊಚ್ಕೊಂಡೆ."

ಕೋಕಿಲಾ ಬೈಯಲಿಲ್ಲ. ಗಂಡನ ಮೊಣಕೈಯ ಮಣ್ಣನ್ನು ಸೆರಗಿನಿಂದ ಒರೆಸಿ, "ನಡೀರಿ, ಕೈ ತೊಳ್ಕೊಳ್ಳಿ ಸೋಪು ಹಾಕಿ" ಎಂದರು. ಮಗಳ ಬಯಕೆ ಮಾತ್ರ ಹಾಗೇ ಉಳಿದಿತ್ತು. ಗಿಡದಲ್ಲಿದ್ದದ್ದು ಚೀಲ ಸೇರಿತ್ತು, ಚೀಲದಲ್ಲಿ ಬಂದದ್ದು ಗಿಡ ಸೇರಿ ಕೆಟ್ಟಿತ್ತು.

ಅಷ್ಟರಲ್ಲಿ ಬೀದಿಯಲ್ಲಿ ಲಗೇಜ್ ಆಟೋ ಒಂದು ಕೂಗುತ್ತ ಬಂತು. "ಬೆಂಡೇಕಾಯ್, ಬದ್ನೇಕಾಯ್, ಹೀರೇಕಾಯ್!" ಶುಭಾ ಗೋಡೆಯ ಮೇಲಿಂದ ಬಗ್ಗಿದಳು.

"ಅಣ್ಣ, ಬೆಂಡೇಕಾಯಿಗೆ ಔಷಧಿ ಹೊಡೆದಿದೀರಾ?"

ಆಟೋದವನು ತಲೆಯೆತ್ತಿ ನೋಡಿದ. "ಸುಳ್ಳ್ಯಾಕೆ ಹೇಳ್ಲಿ ಅಕ್ಕ, ಹೊಡೆದಿದೀವಿ. ತಾವರೆಕೆರೆ ಹತ್ರ ನಮ್ಮದೇ ತೋಟ. ಹೊಡೆದು ಹದಿನೈದು ದಿನ ಆಯ್ತು. ಎಣಿಸ್ಕೊಂಡೇ ಕಿತ್ತಿರೋದು, ನಮ್ಮನೆ ಮಕ್ಳೂ ಇದನ್ನೇ ತಿನ್ನೋದು. ಒಂದ್ ತೊಟ್ಟೂ ಔಷಧಿ ಬೀಳದೇ ಇರೋದೇ ಬೇಕು ಅಂದ್ರೆ ಇದೇ ಬೀದೀಲಿ ಯಾರೋ ಲೆಕ್ಕದ ಮೇಷ್ಟ್ರು ಬೆಳೀತಾರಂತೆ. ಊರೆಲ್ಲ ಅದನ್ನೇ ಹೇಳ್ತಾರೆ. ಅವರನ್ನ ವಿಚಾರಿಸ್ಕೊಳ್ಳಿ!"

ಮೂವರು ಹೆಂಗಸರೂ ತಿರುಗಿ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಎದ್ದರು. ಕುಂಟುತ್ತ ಗೋಡೆಯವರೆಗೆ ಬಂದು, ಮಗಳ ಪಕ್ಕ ನಿಂತು ಕೆಳಗೆ ಬಗ್ಗಿದರು.

"ಆ ಮೇಷ್ಟ್ರನ್ನ ಮಾತ್ರ ನಂಬಬೇಡಪ್ಪ! ಹತ್ತರ ತನಕ ಎಣಿಸೋಕೂ ಬರಲ್ಲ ಅವನಿಗೆ. ಒಂದು ಕೆಜಿ ಬೆಂಡೇಕಾಯಿ ಹಾಕು."